ನನ್ನ ಮ್ಯಾಗ್ನೆಟ್ ಮೋಹ

"ಒಳ್ಳೆ ಡ್ರೈವರ್ ಸಿಗ್ತಾನೇ ಇಲ್ಲ ಕಣೋ, ಅದೂ ಎರಡು ಬೇಕು" ಎಂದು ನಾನು ಫೋನಿನಲ್ಲಿ ಗೆಳೆಯನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದುದು ಮಾವನವರ ಕಿವಿಗೆ ಬಿದ್ದಿತ್ತು. ಸಂಜೆಯವರೆಗೂ ಅವರು ಏನೂ ಕೇಳಲಿಲ್ಲ. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು, "ಅಳಿಯಂದಿರು ಕಾರು ತಗೊಂಡ್ರಾ? ಅದೂ ಎರಡಾ?" ಎಂದು ಮೆಲ್ಲಗೆ ವಿಚಾರಿಸಿದರಂತೆ. ಸ್ಪೀಕರಿನ ಪೆಟ್ಟಿಗೆ, ಜಾಲರಿ ಎಲ್ಲ ಕಿತ್ತುಹಾಕಿದರೆ ಒಳಗೆ ಉಳಿಯುವ ಆ ದುಂಡನೆ ವಸ್ತುವಿಗೂ ಡ್ರೈವರ್ ಅಂತಲೇ ಹೆಸರು ಎಂದು ನನ್ನ ಹೆಂಡತಿ ತಿಳಿಸಿ ಹೇಳಿದಳು. ಅವರಿಗೆ ಸಮಾಧಾನವಾಯಿತೋ, ನಿರಾಸೆಯಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮಾಡಲು ಹೊರಟಿದ್ದು ಓಪನ್ ಬ್ಯಾಫಲ್ ಸ್ಪೀಕರ್. ಹೆಸರು ಕೇಳಿ ಗಾಬರಿಯಾಗಬೇಡಿ. ಒಂದು ಹಲಗೆ, ಅದರಲ್ಲೊಂದು ತೂತು, ತೂತಿಗೊಂದು ಡ್ರೈವರ್. ಅಷ್ಟೇ. ಹಿಂದೆಲ್ಲ ಬಯಲು. ಪೆಟ್ಟಿಗೆಯೇ ಇಲ್ಲ. ನನ್ನನ್ನು ಸೆಳೆದದ್ದೇ ಈ 'ಪೆಟ್ಟಿಗೆ ಇಲ್ಲ' ಅನ್ನುವ ಮಾತು. ನಾನು ಹಿಂದೊಮ್ಮೆ ಮಾಡಿದ ಪೆಟ್ಟಿಗೆಯಲ್ಲಿ ಪ್ರತಿ ಮೂಲೆಯೂ ಇನ್ನೊಂದು ಮೂಲೆಯ ಜೊತೆ ಮಾತು ಬಿಟ್ಟ ಹಾಗಿತ್ತು. ಹಲಗೆಗೆ ಮೂಲೆ ಸೇರಿಸುವ ಕೆಲಸವೇ ಇಲ್ಲವಲ್ಲ!

ಆದರೆ ಪೆಟ್ಟಿಗೆಯನ್ನು ಜನ ಸುಮ್ನೆ ಮಾಡುವುದಿಲ್ಲ. ಡ್ರೈವರಿನ ಕೋನ್, ಅಂದರೆ ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ, ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಂದಿನದು ಹಿಂದಿನದು ಸೇರಿದರೆ ಎರಡೂ ಸೊನ್ನೆ. ಸಣ್ಣ ಅಲೆಗಳನ್ನು ಹಲಗೆ ತಡೆಯುತ್ತದೆ, ನಿಜ. ಆದರೆ 40 ಹರ್ಟ್ಸ್‌ನ ಬಾಸ್, ಅಂದರೆ ತಗ್ಗಿನ ಸ್ವರದ ಅಲೆ, ಹೆಚ್ಚುಕಡಿಮೆ ಎಂಟೂವರೆ ಮೀಟರ್ ಉದ್ದ. ನನ್ನ ಹಲಗೆಯ ಅಗಲ ಅರ್ಧ ಮೀಟರ್. ಆನೆ ಬರುವ ದಾರಿಗೆ ಛತ್ರಿ ಅಡ್ಡ ಹಿಡಿದ ಹಾಗೆ. ಕೆಳಗಿನ ಸ್ವರಗಳಲ್ಲಿ ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದಾಗಲೆಲ್ಲ 6 ಡೆಸಿಬಲ್ ಕೈಬಿಡುತ್ತದೆ. ಹಾಗಾಗಿ ಮಿಕ್ಕಿದ್ದರಲ್ಲಿ ಎಡವಟ್ಟಾದರೂ ನಡೆಯುತ್ತದೆ, ಬಾಸ್ ಡ್ರೈವರ್ ಆರಿಸುವುದರಲ್ಲಿ ಎಡವಬಾರದು.

ನಾನು ಅಲ್ಲೇ ಎಡವಿದೆ.

ಸ್ಪೀಕರ್ ಬಗ್ಗೆ ನನಗೆ ಚಿಕ್ಕಂದಿನಿಂದ ಒಂದು ನಂಬಿಕೆ ಇತ್ತು. ಹಿಂದೆ ತಿರುಗಿಸಿ ಮ್ಯಾಗ್ನೆಟ್ ನೋಡಬೇಕು. ದೊಡ್ಡದಿದ್ದರೆ ಒಳ್ಳೇದು, ಸಣ್ಣದಿದ್ದರೆ ಕಳಪೆ. ಇದನ್ನು ನಾನೊಬ್ಬನೇ ನಂಬಿಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಹೆಂಡತಿಗೂ ಮಗಳಿಗೂ ಪಾಠ ಮಾಡಿದ್ದೆ. ಯಾರ ಮನೆಗೆ ಹೋದರೂ ಟೀವಿಯ ಪಕ್ಕದ ಸ್ಪೀಕರಿನ ಬೆನ್ನು ನೋಡಿ ತುಟಿ ಕೊಂಕಿಸುವುದು ನಮ್ಮ ಮನೆಯವರಿಗೆಲ್ಲ ಅಭ್ಯಾಸವಾಗಿತ್ತು.

ಆ ನಂಬಿಕೆಯ ಪ್ರಕಾರ ತಂದೆ. ಸಭೆ ಸಮಾರಂಭಗಳ ದೊಡ್ಡ ಸ್ಪೀಕರುಗಳಿಗೆ ಹಾಕುವಂಥ 15 ಇಂಚಿನ ಜೋಡಿ. ಒಂದೊಂದೂ ಮಗುವನ್ನು ಎತ್ತಿಕೊಂಡಷ್ಟು ಭಾರ. ಮ್ಯಾಗ್ನೆಟ್ಟಂತೂ ನೋಡಿದರೆ ಕೈಮುಗಿಯಬೇಕು ಅನ್ನಿಸುವಷ್ಟಿತ್ತು. ಮೇಜಿನ ಮೇಲಿಟ್ಟ ಕ್ಷಣ ಅದು ನನ್ನ ಟೇಪು, ಕತ್ತರಿ, ಮತ್ತು ಎರಡು ತಿಂಗಳ ಹಿಂದೆ ಕಳೆದುಹೋಗಿದ್ದ ಒಂದು ಸೂಜಿಯನ್ನು ಎಳೆದುಕೊಂಡಿತು. ಸೂಜಿ ಸಿಕ್ಕಿದ್ದಕ್ಕೆ ಹೆಂಡತಿ ಮೆಚ್ಚಿಕೊಂಡಳು. ಆ ಡ್ರೈವರಿಗೆ ನಮ್ಮ ಮನೆಯಲ್ಲಿ ಸಿಕ್ಕ ಮೆಚ್ಚುಗೆ ಅದೊಂದೇ.

15 ಇಂಚಿನ ಡ್ರೈವರ್ ಅಲ್ವಾ, 15 ಇಂಚಿನ ತೂತು ಕೊರೆದೆ. ಎಷ್ಟು ಶ್ರದ್ಧೆಯಿಂದ ಕೊರೆದೆ ಅಂದರೆ ನನ್ನ ಜೀವನದಲ್ಲಿ ಅಷ್ಟು ದುಂಡನೆ ವೃತ್ತ ಇನ್ನೊಂದು ಬಂದಿಲ್ಲ. ಡ್ರೈವರ್ ಎತ್ತಿ ಕೂರಿಸಿದರೆ ಅಂಚು ಹಲಗೆಗೆ ಕೂದಲೆಳೆಯಷ್ಟು ತಗುಲಿ ನಿಂತಿತು. ಸ್ಕ್ರೂ ಹಾಕಬೇಕಾದ ಎಂಟೂ ಜಾಗದಲ್ಲಿ ಇಣುಕಿದರೆ ಆ ಕಡೆಯ ಗೋಡೆ ಕಾಣುತ್ತಿತ್ತು. 15 ಇಂಚು ಅನ್ನುವುದು ಡ್ರೈವರಿನ ಹೊರ ಅಂಚಿನ ಲೆಕ್ಕ, ತೂತು ಸುಮಾರು 14 ಇಂಚಿದ್ದರೆ ಸಾಕು ಎಂದು ಅದರ ಜೊತೆ ಬಂದ ಚೀಟಿಯಲ್ಲೇ ಬರೆದಿತ್ತು. ಚೀಟಿಯನ್ನು ನಾನು ಓದಿದ್ದು ಆಮೇಲೆ. ಇನ್ನೊಂದು ಹಲಗೆ ತಂದು ಕೊರೆದೆ. ಕೂರಿಸಿದ ಮೇಲೆ ಹಲಗೆ ಹಿಂದಕ್ಕೆ ವಾಲತೊಡಗಿತು. ಮೂಗಿಗಿಂತ ಮೂಗುತಿ ಭಾರ. ಕೆಳಗೆ ಅಡ್ಡಪಟ್ಟಿ ಕೊಟ್ಟು ನಿಲ್ಲಿಸಿದೆ. ಕೊನೆಯ ಸ್ಕ್ರೂ ಬಿಗಿಯುವಾಗ ಸ್ಕ್ರೂಡ್ರೈವರ್ ಜಾರಿ ಕೋನಿಗೆ ಚುಚ್ಚಿತು. ಟಿಶ್ಯೂ ಕಾಗದಕ್ಕೆ ಬಿಳಿ ಅಂಟು ಹಚ್ಚಿ ತೇಪೆ ಹಾಕಿದೆ. ಇದೆಲ್ಲ ದೊಡ್ಡ ವಿಷಯವಲ್ಲ ಬಿಡಿ.

ದೊಡ್ಡ ವಿಷಯವೆಂದರೆ, ಹಾಡು ಹಾಕಿದೆ, ಬಾಸ್ ಬರಲೇ ಇಲ್ಲ.

ಗಾಯಕರು ಗಂಟಲು ಸರಿ ಮಾಡಿಕೊಂಡದ್ದು ಕೇಳುತ್ತಿತ್ತು. ತಬಲಾದ ಬಲಗೈ ಪಟಪಟನೆ ಕೇಳುತ್ತಿತ್ತು. ಎಡಗೈ ರಜೆ ಹಾಕಿತ್ತು. ಎಡಬಲ ಸ್ಪೀಕರುಗಳ ವೈರು ಎಲ್ಲಾದರೂ ಅದಲುಬದಲಾಗಿ ಒಂದನ್ನೊಂದು ಕೊಲ್ಲುತ್ತಿವೆಯೇನೋ ಎಂದು ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ನೋಡಿದೆ. ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದಾಗ ಎರಡೂ ಕೋನುಗಳು ಸರಿಯಾಗಿ ಮುಂದಕ್ಕೇ ಬಂದವು. ಆಗ ಬೇರೆ ದಾರಿ ಕಾಣದೆ ಆ ಚೀಟಿಯನ್ನು ಪೂರ್ತಿ ಓದಿದೆ.

ಅದರಲ್ಲಿ ಕ್ಯೂಟಿಎಸ್ ಅಂತ ಒಂದು ಅಂಕಿ ಇತ್ತು: 0.3. ಡ್ರೈವರಿನ ಜಾತಕವನ್ನು ಹೀಗೆ ಅಂಕಿಗಳಲ್ಲಿ ಬರೆಯುವ ಪದ್ಧತಿಗೆ ಥೀಲ್ ಮತ್ತು ಸ್ಮಾಲ್ ಎಂಬಿಬ್ಬರ ಹೆಸರಿದೆ. ನೆವಿಲ್ ಥೀಲ್ 1961ರಲ್ಲಿ ಬರೆದರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದರು. ಇಬ್ಬರೂ ತಲೆ ಕೆಡಿಸಿಕೊಂಡದ್ದು ಪೆಟ್ಟಿಗೆಯ ಬಗ್ಗೆ. ಪೆಟ್ಟಿಗೆ ಬೇಡವೆಂದು ಓಡಿಬಂದ ನಾನು ಕೊನೆಗೆ ಅವರ ಕಾಲಿಗೇ ಬೀಳಬೇಕಾಯಿತು.

ಕ್ಯೂಟಿಎಸ್ ಅಂದರೆ, ಕೋನಿಗೆ ಎಷ್ಟು ಬ್ರೇಕ್ ಬೀಳುತ್ತದೆ ಅನ್ನುವುದರ ಲೆಕ್ಕ. ಅಂಕಿ ಸಣ್ಣದಿದ್ದಷ್ಟೂ ಬ್ರೇಕ್ ಜಾಸ್ತಿ. ಆ ಬ್ರೇಕ್ ಹಾಕುವುದು ಯಾರು ಗೊತ್ತಾ? ಮ್ಯಾಗ್ನೆಟ್! ನಾನು ಕೈಮುಗಿದ ಅದೇ ಮ್ಯಾಗ್ನೆಟ್! ಪೆಟ್ಟಿಗೆಯಲ್ಲಾದರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡಿ ಲೆಕ್ಕ ಸರಿದೂಗಿಸುತ್ತದೆ. ಬಯಲಲ್ಲಿ ಸ್ಪ್ರಿಂಗ್ ಎಲ್ಲಿಂದ ಬರಬೇಕು? ಬ್ರೇಕ್ ಮಾತ್ರ ಉಳಿಯುತ್ತದೆ. ಡ್ರೈವರ್ ಸಹಜವಾಗಿ ತೂಗುವ ಫ್ರೀಕ್ವೆನ್ಸಿಯಲ್ಲಿ 0.3 ಅಂದರೆ ಬಾಸ್ ಸುಮಾರು 10 ಡೆಸಿಬಲ್ ಕೆಳಗೆ. ಹಲಗೆಯಿಂದ ಆಗುವ ನಷ್ಟ ಬೇರೆ. 0.7ರ ಆಸುಪಾಸು ಅಥವಾ ಅದಕ್ಕಿಂತ ಮೇಲಿದ್ದರೆ ಓಪನ್ ಬ್ಯಾಫಲಿಗೆ ಹೊಂದುತ್ತದೆ. ಅಂದರೆ ಅದೇ ಕೋನಿಗೆ ಬಡಪಾಯಿ ಮ್ಯಾಗ್ನೆಟ್ ಇದ್ದಿದ್ದರೆ ನನಗೆ ಬಾಸ್ ಸಿಗುತ್ತಿತ್ತು. ದುಡ್ಡು ಕೊಟ್ಟು ಬ್ರೇಕ್ ತಂದಿದ್ದೆ.

ಇಷ್ಟು ತಿಳಿದ ಮೇಲಾದರೂ ಬುದ್ಧಿ ಬರಬೇಕಿತ್ತು. ಬಂತು, ಅರ್ಧ. ಎರಡನೇ ಸಲ ಕಾರಿಗೆ ಹಾಕುವ 12 ಇಂಚಿನ ಸಬ್‌ವೂಫರ್ ತಂದೆ. ಅದರ ಪರವಾಗಿ ವಾದವೂ ಇತ್ತು. ಬಯಲಲ್ಲಿ ಸ್ವರವನ್ನು ಒಂದು ಆಕ್ಟೇವ್, ಅಂದರೆ ಅರ್ಧ ಫ್ರೀಕ್ವೆನ್ಸಿಗೆ, ಕೆಳಗಿಳಿಸಿ ಅಷ್ಟೇ ಜೋರು ಬೇಕೆಂದರೆ ಕೋನ್ ಎಂಟು ಪಟ್ಟು ಓಡಾಡಬೇಕು. ಇದು ಓಡಾಡುವುದರಲ್ಲಿ ಗಟ್ಟಿ. ಬಾಸೂ ಬಂತು, ಸುಳ್ಳು ಹೇಳಬಾರದು. ಜೊತೆಗೆ ಇನ್ನೊಂದು ಬಂತು. ಮ್ಯಾಗ್ನೆಟ್ಟಿನ ಬೆನ್ನಿನಲ್ಲಿ ಗಾಳಿ ಆಡಲು ಒಂದು ರಂಧ್ರ ಇರುತ್ತದೆ. ಕಾರಿನ ಪೆಟ್ಟಿಗೆಯೊಳಗೆ ಅದರ ಸದ್ದು ಯಾರಿಗೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಬೆನ್ನು ಬಯಲಿಗೆ ಬಿದ್ದಿತ್ತು. ಆಲಾಪದ ನಡುವೆ 'ಫುಸ್... ಫುಸ್...' ಮಗಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಅಪ್ಪಾ, ಇದಕ್ಕೆ ಉಬ್ಬಸ ಇದೆ" ಅಂದಳು. ಅದನ್ನು ಕೇಳಿದ ಮೇಲೆ ನನಗೂ ಉಬ್ಬಸ ಬಿಟ್ಟು ಬೇರೇನೂ ಕೇಳಿಸದಾಯಿತು.

ಮೂರನೆಯ ಜೋಡಿ ಸಿಕ್ಕಿದ್ದು ಗೆಳೆಯನ ಅಟ್ಟದಲ್ಲಿ. ಯಾವುದೋ ಹಳೇ ಪೆಟ್ಟಿಗೆಯಿಂದ ಬಿಚ್ಚಿಟ್ಟ 15 ಇಂಚಿನ ಡ್ರೈವರುಗಳು. ಕಂದು ಕಾಗದದ ಕೋನು, ತೆಳು ತಗಡಿನ ಮೈ. ರೆಸಿಸ್ಟರ್, ಲ್ಯಾಪ್‌ಟಾಪ್ ಇಟ್ಟುಕೊಂಡು ಅಳೆದೆ. ಕ್ಯೂಟಿಎಸ್ 0.9! ಖುಷಿಯಿಂದ ಎತ್ತಿಕೊಂಡು ಮನೆಗೆ ಬಂದೆ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಹೆಂಡತಿ ತಗೊಂಡು, ನಾನೇ ಕಲಿಸಿದ ಹಾಗೆ ಹಿಂದೆ ತಿರುಗಿಸಿ ನೋಡಿದಳು.

"ರೀ, ಇದರ ಮ್ಯಾಗ್ನೆಟ್ ಎಲ್ಲಿ?"

"ಅದೇ, ಮಧ್ಯದಲ್ಲಿ ಇದೆಯಲ್ಲ."

"ಇದಾ? ಬೀರುವಿನ ಬಾಗಿಲಿಗೆ ಇರುತ್ತಲ್ಲ, ಅದರ ಅಣ್ಣನ ಥರ ಇದೆ. ಪಾಪ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ."

ಹತ್ತು ವರ್ಷ ಮಾಡಿದ ಪಾಠವನ್ನು ಒಂದು ಸಂಜೆಯಲ್ಲಿ ವಾಪಸ್ ತಗೊಳ್ಳುವುದು ಸುಲಭವಲ್ಲ. ನಾನು ಮಾತಾಡದೆ ಹಲಗೆಗೆ ಹಾಕಿದೆ. 14 ಇಂಚಿನ ತೂತಿಗೆ ಸರಿಯಾಗಿ ಕೂತವು. ಗೋಡೆಯಿಂದ ಒಂದು ಮೀಟರ್ ಮುಂದಕ್ಕೆಳೆದು ಹಾಡು ಹಾಕಿದೆ. ಎಡಗೈ ರಜೆ ಮುಗಿಸಿ ಬಂದಿತ್ತು. ಎದೆಗೆ ಗುದ್ದುವ ಥರ ಇರಲಿಲ್ಲ. ತಬಲಾ ಕೋಣೆಯಲ್ಲೇ ಇದೆ ಅನ್ನಿಸುವ ಥರ ಇತ್ತು. ನನಗೆ ಕಣ್ಣು ತುಂಬಿತು.

"ಹೇಗಿದೆ?" ಅಂತ ಕೂಗಿದೆ.

"ಏನು ಹೇಗಿದೆ? ಈಗಲೂ ಬಾಸ್ ಇಲ್ವಲ್ಲ" ಅಂದಳು.

ಅವಳ ಕುರ್ಚಿ ಹಲಗೆಯ ನೇರ ಪಕ್ಕದಲ್ಲಿತ್ತು. ನಾನು ಕಾಗದ ತಂದು ಚಿತ್ರ ಬರೆದು ವಿವರಿಸಿದೆ. ಈ ಸ್ಪೀಕರಿನ ಸದ್ದು ಮೇಲಿನಿಂದ ನೋಡಿದರೆ ಇಂಗ್ಲಿಷಿನ 8ರ ಆಕಾರ. ಮುಂದೊಂದು ಸುತ್ತು, ಹಿಂದೊಂದು ಸುತ್ತು. ಪಕ್ಕದಲ್ಲಿ ಎರಡೂ ಸಮ ಆಗಿ ಅಳಿಸಿಹೋಗುತ್ತವೆ. ಗೋಡೆಗೆ ಬಡಿದು ಬಂದದ್ದು ಒಂಚೂರು ಕೇಳುತ್ತೆ ಅಷ್ಟೇ. ಅದಕ್ಕೇ ಎದುರಿಗೆ ಬಂದು ಕೂತ್ಕೋ ಎಂದೆ.

ಅವಳು ಚಿತ್ರವನ್ನು ಗಮನವಿಟ್ಟು ನೋಡಿದಳು. ಎದ್ದಳು. ಬರುತ್ತಾಳೆ ಅಂದುಕೊಂಡೆ. ಕುರ್ಚಿಯನ್ನು ಇನ್ನೂ ಅರ್ಧ ಅಡಿ ಪಕ್ಕಕ್ಕೆ ಸರಿಸಿ ಹಲಗೆಯ ಅಂಚಿಗೆ ಸರಿಯಾಗಿ ಹೊಂದಿಸಿದಳು. ಕೂತು, ಪುಸ್ತಕ ಬಿಡಿಸಿದಳು.

"ಹೇಳಿಕೊಟ್ಟಿದ್ದು ಒಳ್ಳೇದಾಯ್ತು" ಅಂದಳು.