ಕಾರ್ಡ್ ಇದೆ, ಆದ್ರೆ ಭಾನುವಾರ ಪಂಚೆ ಒಣಗಿಸಂಗಿಲ್ಲ

ಅರಸೀಕೆರೆಯಲ್ಲಿ ನಮ್ಮ ಮಾವನವರು ಹಬ್ಬಿಸಿರೋ ಸುದ್ದಿ ಏನಪ್ಪಾ ಅಂದ್ರೆ, ಜಿನೀವಾದಲ್ಲಿ ಅವರ ಅಳಿಯನ್ನ ಪೊಲೀಸ್ನೋರು ಮುಟ್ಟಂಗೇ ಇಲ್ವಂತೆ. ಹಾಲಿನ ಡೈರಿ, ಕಟಿಂಗ್ ಶಾಪು, ಯಾರದೋ ನಾಮಕರಣ, ಎಲ್ಲಾ ಕಡೆ ಹೇಳ್ಕೊಂಡು ಬಂದಿದಾರೆ. ತಪ್ಪು ನಂದೇ ಬಿಡಿ, ಕಾರ್ಡ್ ಕೈಗೆ ಬಂದ ದಿನ ಫೋನಲ್ಲಿ ಸ್ವಲ್ಪ ಜಾಸ್ತಿನೇ ಬಿಟ್ಟಿದ್ದೆ.

ಅಸಲಿಗೆ ಕೆಲಸ ಇರೋದು ನನ್ನ ಹೆಂಡ್ತಿಗೆ, ವಿಶ್ವಸಂಸ್ಥೆಯ ಒಂದು ಕಚೇರಿಯಲ್ಲಿ. ನಾನು ಅವಳ ಜೊತೆ ಬಂದ ಲಗೇಜು. ಊರಿಂದ ಬರ್ವಾಗ ಪಾಸ್‌ಪೋರ್ಟಲ್ಲಿ ಅಂಟಿಸೋ ವೀಸಾ ಒಳಗೆ ಬರೋಕಷ್ಟೇ, ಆಮೇಲೆ ಇಲ್ಲಿ ಇರೋಕೆ ಸ್ವಿಸ್ ವಿದೇಶಾಂಗ ಇಲಾಖೆನೇ ಒಂದು ಕಾರ್ಡ್ ಕೊಡುತ್ತೆ, 'ಕಾರ್ತ್ ದ ಲೆಜಿತಿಮಾಸ್ಯೋಂ' ಅಂತ. ಹೆಸರು ಹೇಳೋಷ್ಟ್ರಲ್ಲಿ ಕಾಫಿ ಆರೋಗುತ್ತೆ. ಅದರ ಫಾರಂ ತುಂಬ್ವಾಗ ನೋಡ್ತೀನಿ, ಕೆಲಸ ಇರೋರ್ನ 'ತಿತ್ಯುಲೇರ್ ಪ್ರಿನ್ಸಿಪಾಲ್' ಅಂತ ಕರೆದಿದಾರೆ, ಅಂದ್ರೆ ಮುಖ್ಯ ಕಾರ್ಡುದಾರರು. ಮನೇಲಿ ಪ್ರಿನ್ಸಿಪಾಲ್ ಯಾರು ಅಂತ ನಂಗೆ ಮದುವೆ ಆದ ವಾರದಲ್ಲೇ ಗೊತ್ತಾಗಿತ್ತು, ಒಂದು ಸರ್ಕಾರ ಲಿಖಿತದಲ್ಲಿ ಕೊಟ್ಟಿದ್ದು ಮಾತ್ರ ಇದೇ ಮೊದಲು.

ಸರಿ, ಈ ಕಾರ್ಡಿಂದ ನಂಗೇನು ಸಿಗುತ್ತೆ? ಒಂದಿನ ಕೂತು ವಿಶ್ವಸಂಸ್ಥೆಯವರಿಗೆ ಏನೇನು ರಕ್ಷಣೆ ಅಂತ ಹೇಳೋ 1946ರ ಒಪ್ಪಂದ ಓದಿದೆ (ಕೆಲಸ ಇಲ್ದೋನು ಏನ್ ಬೇಕಾದ್ರೂ ಓದ್ತಾನೆ). ಸಿಬ್ಬಂದಿ ಮೇಲೆ ಕೇಸ್ ಹಾಕಂಗಿಲ್ಲ ಅನ್ನೋದು ನಿಜ, ಆದ್ರೆ ಆಫೀಸ್ ಕೆಲಸದ ಮೇಲೆ ಆಡಿದ ಮಾತು, ಬರೆದ ಬರಹ, ಮಾಡಿದ ಕೆಲಸಕ್ಕಷ್ಟೇ. ರಾಯಭಾರಿಗಳ ಥರ ಪೂರ್ತಿ ರಕ್ಷಣೆ ಬೇಕಂದ್ರೆ ಸೆಕ್ರೆಟರಿ ಜನರಲ್, ಅಸಿಸ್ಟೆಂಟ್ ಸೆಕ್ರೆಟರಿ ಜನರಲ್ ಥರ ದೊಡ್ಡ ಹುದ್ದೆಯಲ್ಲಿರಬೇಕು. ಮಾಮೂಲಿ ಸಿಬ್ಬಂದಿನ ನಂಬ್ಕೊಂಡಿರೋ ಗಂಡ ಅಥವಾ ಹೆಂಡ್ತಿಗೆ ಅಂತ ಬರೆದಿರೋದು ಮುಖ್ಯವಾಗಿ ಎರಡೇ: ವಲಸೆ ನಿರ್ಬಂಧ ಇಲ್ಲ, ಮತ್ತೆ ಯುದ್ಧಗಿದ್ಧ ಆದ್ರೆ ಊರಿಗೆ ಕಳಿಸೋಕೆ ಸೌಲಭ್ಯ. ನನ್ನ ಅಧಿಕೃತ ಕೆಲಸ ಅಂದ್ರೆ ಹುಳಿ ಮಾಡೋದು, ಅದಕ್ಕೆ ಮನೆಯೊಳಗೇ ರಕ್ಷಣೆ ಇಲ್ಲ. ಹೊರಗೆ ಹೋಗಿ ದುಡಿಯೋಣ ಅಂದ್ರೆ ಈ ಕಾರ್ಡ್ ವಾಪಸ್ ಕೊಟ್ಟು ಬೇರೆ ಪರ್ಮಿಟ್ ತಗೋಬೇಕು, ಅಂದ್ರೆ ಸಂಬಳ ಬೇಕೋ ಗತ್ತು ಬೇಕೋ ನೀನೇ ನೋಡ್ಕೋ ಅಂತ.

ಇಷ್ಟೆಲ್ಲಾ ಓದಿದ್ಮೇಲೂ ಬುದ್ಧಿ ಬರ್ಲಿಲ್ಲ. 15ನೇ ನಂಬರ್ ಟ್ರಾಮಲ್ಲಿ ಟಿಕೆಟ್ ಚೆಕ್ ಮಾಡೋರು ಹತ್ತಿದ್ರು, ನನ್ನ ಪಾಸು ಹಿಂದಿನ ದಿನವೇ ಮುಗಿದಿತ್ತು, ಪರ್ಸಲ್ಲಿ ಹುಡುಕೋ ನಾಟಕ ಆಡ್ತಾ ಆಡ್ತಾ ಕಾರ್ಡ್ ಕಾಣೋ ಥರ ಹಿಡಿದೆ. ಆ ಮನುಷ್ಯ ಅದನ್ನ ತಗೊಂಡ, ತಿರುಗಿಸಿದ, ಅದ್ರಲ್ಲಿದ್ದ ಹೆಸರನ್ನ ನೋಡ್ಕೊಂಡು ಒಂದೊಂದೇ ಅಕ್ಷರ ಮಷೀನಲ್ಲಿ ಒತ್ತಿ ದಂಡದ ಚೀಟಿ ಹರಿದುಕೊಟ್ಟ. ಸ್ಪೆಲ್ಲಿಂಗ್ ಮಾತ್ರ ಕರೆಕ್ಟಾಗಿತ್ತು.

ಆಮೇಲೆ ಅತ್ತೆ ಮಾವ ಬಂದ್ರು. ಅವರಿಗೆ ಕಾರ್ಡ್ ಗೀರ್ಡ್ ಏನಿಲ್ಲ, ಎಲ್ಲರ ಥರ ಷೆಂಗೆನ್ ವೀಸಾ (ಯುರೋಪಿನ ಸುಮಾರು ದೇಶಗಳಿಗೆಲ್ಲಾ ಒಂದೇ ವೀಸಾ), 180 ದಿನದಲ್ಲಿ 90 ದಿನ ಇರಬಹುದು ಅಷ್ಟೇ. ವಿಶ್ವಸಂಸ್ಥೆ ಎದುರಿನ 12 ಮೀಟರ್ ಎತ್ತರದ ಕಾಲು ಮುರಿದ ಕುರ್ಚಿ ತೋರಿಸಿದ್ರೆ ಮಾವ "ಇಷ್ಟು ದುಡ್ಡಿರೋ ಊರು, ರಿಪೇರಿ ಮಾಡ್ಸಕ್ಕೆ ಒಬ್ಬ ಆಚಾರಿ ಸಿಗ್ಲಿಲ್ವಾ" ಅಂದ್ರು. ನೆಲಬಾಂಬಿಗೆ ಕಾಲು ಕಳ್ಕೊಂಡೋರಿಗೋಸ್ಕರ ಇಟ್ಟಿರೋದು ಅಂತ ಹೇಳಿದ್ಮೇಲೆ ಚಪ್ಪಲಿ ಬಿಟ್ಟು ಒಂದು ನಮಸ್ಕಾರ ಹಾಕಿದ್ರು.

ಯಡವಟ್ಟಾಗಿದ್ದು ಭಾನುವಾರ. ನಮ್ಮ ಬಿಲ್ಡಿಂಗಲ್ಲಿ ಬಟ್ಟೆ ಒಗೆಯೋಕೆ ನೆಲಮಾಳಿಗೆಯಲ್ಲಿ ಒಂದು ರೂಮು, ಒಂದೊಂದು ಮನೆಗೆ ಒಂದೊಂದು ದಿನ, ನಮ್ಮದು ಬುಧವಾರ, ಭಾನುವಾರ ಯಾರಿಗೂ ಇಲ್ಲ. ಮಾವಂಗೆ ಅಲ್ಲೀತನಕ ಕಾಯೋ ತಾಳ್ಮೆ ಎಲ್ಲಿದೆ, ಬೆಳಗ್ಗೆನೇ ಬಾತ್‌ಟಬ್ಬಲ್ಲಿ ಪಂಚೆ ಕುಸುಬಿ, ಪಟಪಟ ಅಂತ ಬಡಿದು, ಕೆಂಪಂಚಿನದ್ದು ಎರಡೂ ಬಾಲ್ಕನಿ ಕಂಬಿ ಮೇಲೆ ಹರಡಿಬಿಟ್ರು. ಹತ್ತು ನಿಮಿಷಕ್ಕೆ ಬೆಲ್ಲು. ಪಕ್ಕದ ಮನೆ ಅಜ್ಜಿ. ಜೋರಾಗಿ ಮಾತಾಡ್ಲಿಲ್ಲ, ಈ ಊರಲ್ಲಿ ಸಿಟ್ಟು ಜಾಸ್ತಿ ಆದಷ್ಟೂ ದನಿ ಸಣ್ಣ ಆಗುತ್ತೆ.

ಮಾವ ಹಿಂದಿಂದ "ಅಳಿಯಂದ್ರೇ, ಕಾರ್ಡ್ ತೋರ್ಸಿ" ಅಂದ್ರು.

ಮರ್ಯಾದೆ ಪ್ರಶ್ನೆ, ತೋರಿಸಿದೆ. ಒಳಗಿಂದ ಪ್ರಿನ್ಸಿಪಾಲ್ರು "ರೀ, ಅದನ್ನ ಒಳಗಿಡಿ ಮೊದ್ಲು!" ಅಂತ ಓಡಿಬಂದ್ಲು. ಅಜ್ಜಿ ಕನ್ನಡಕ ಏರಿಸ್ಕೊಂಡು ನೋಡಿ, ಮೂರನೇ ಫ್ಲೋರಲ್ಲಿ ನಿಜವಾದ ಡಿಪ್ಲೊಮ್ಯಾಟೇ ಒಬ್ಬರಿದಾರೆ, ಅವರೂ ಗುರುವಾರನೇ ಒಗೆಯೋದು ಅಂತ ಹೇಳಿ ಹೋದ್ರು.

ಪಂಚೆ ಒಳಗೆ ಬಂತು, ಡೈನಿಂಗ್ ಟೇಬಲ್ ಚೇರುಗಳ ಮೇಲೆ ಒಣಗ್ತು. ರಾತ್ರಿ ಮಾವ ಅರಸೀಕೆರೆಗೆ ಫೋನ್ ಹಚ್ಚಿದ್ದು ಕೇಳಿಸ್ತು: "ಹೂಂ ಕಣಯ್ಯ, ಪೊಲೀಸ್ನೋರು ಯಾರೂ ಮುಟ್ಟಲ್ಲ, ಅದೇನೋ ನಿಜವೇ. ಆದ್ರೆ ಪಕ್ಕದ್ಮನೆ ಅಜ್ಜಿ ಒಂದೈತೆ…"