ಎಮ್ಮೆ ಓದೋಕೆ ಸ್ಮಾರ್ಟ್ ಬೋರ್ಡ್ ಬೇಕಾ?

ನಿನ್ನೆ ಸಿಂಧನೂರು ಕಡೆ ಒಂದು ಶಾಲೆಗೆ ಕರೆದಿದ್ದರು. ಸ್ಮಾರ್ಟ್ ಬೋರ್ಡ್ ಉದ್ಘಾಟನೆ. ರಿಟೈರ್ ಆದ ಮಾಸ್ತರ ಅಂತ ನನಗೂ ಒಂದು ಶಾಲು. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೊ ಆಯಿತು. ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಮಾತ್ರ ಯಾರೂ ತೆಗೆಯಲಿಲ್ಲ. ಧೂಳು ಕೂಡುತ್ತದಂತೆ! ರಿಮೋಟ್ ಅಲ್ಮಾರಿಯೊಳಗೆ ಹೋಯಿತು.

ಸುಮ್ನೆ ಕೂರೋಕೆ ಆಗದೆ ಐದನೇ ಕ್ಲಾಸಿನ ಒಬ್ಬ ಹುಡುಗಿಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟೆ. 'ಎ' ಅಂದಳು. ಆಮೇಲೆ 'ಮೆ'. ಕೆಳಗಿನ ಒತ್ತಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ದಿನಾ ಮನೆಯ ಎಮ್ಮೆ ಮೈ ತೊಳೆಯೋದು ಅವಳೇ ಅಂತೆ. ಪುಸ್ತಕದ ಎಮ್ಮೆ ಮಾತ್ರ ಕೈಗೆ ಸಿಗಲಿಲ್ಲ.

ನನಗೆ ಸಿಟ್ಟು ಬರೋದು ಇಲ್ಲೇ. ಬರೀ ಯಂತ್ರ ತಂದಿಟ್ಟರೆ ಓದು ಬರಲ್ಲ ಅಂತ ಜಗತ್ತು ಆಗಲೇ ಅಳೆದು ನೋಡಿದೆ. ಪೆರು ದೇಶದಲ್ಲಿ ಲಕ್ಷಾಂತರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. ಆಮೇಲೆ ಪರೀಕ್ಷೆ ಮಾಡಿದರೆ ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆ ಕಾಣಲಿಲ್ಲ. ಕೆಲಸ ಮಾಡಿದ ದಾರಿ ಯಾವುದು ಗೊತ್ತಾ? ನಮ್ಮದೇ ಮುಂಬೈ, ವಡೋದರಾದ್ದು. 1990ರ ದಶಕದ ಕೊನೆಗೆ, ಮಕ್ಕಳ ಓದಿಗಾಗಿ ದುಡಿಯುವ ಪ್ರಥಮ್ ಅನ್ನೋ ಸಂಸ್ಥೆ ಅಲ್ಲಿಯವರೇ ಆದ ಹುಡುಗಿಯರನ್ನು 'ಬಾಲಸಖಿ' ಅಂತ ನೇಮಿಸಿತು. ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿಕೊಂಡು ದಿನಕ್ಕೆ ಎರಡು ತಾಸು ಅಕ್ಷರ, ಲೆಕ್ಕ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಅಳೆದು ನೋಡಿತು, ಅಂಕ ಏರಿತ್ತು. 2019ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಯಾವ ಕ್ಲಾಸು ಅಂತ ನೋಡದೆ, ಮಗುವಿನ ಮಟ್ಟ ನೋಡಿ ಕಲಿಸುವ ಈ ದಾರಿಯನ್ನು ದೂರದ ಜಾಂಬಿಯಾ ಸರ್ಕಾರವೂ ಹಿಡಿಯಿತು. ನಾವು ರಿಬ್ಬನ್ ಹಿಡಿದಿದ್ದೇವೆ.

"ಹಂಗಾದ್ರ ಟೆಕ್ನಾಲಜಿ ಬ್ಯಾಡೇನ್ರಿ ಸರ?" ಅಂತ ಒಬ್ಬರು ಅಲ್ಲೇ ಕೇಳಿದರು. ಅದೇ ವಡೋದರಾದಲ್ಲಿ ಕಂಪ್ಯೂಟರ್ ಆಟದಿಂದ ಮಕ್ಕಳ ಗಣಿತ ಸುಧಾರಿಸಿದ್ದು ನಿಜ, ಒಪ್ಪುತ್ತೇನೆ. ಆದರೆ ಅಲ್ಲಿ ಕೀಬೋರ್ಡ್ ಮೇಲೆ ಮಕ್ಕಳ ಬೆರಳಿತ್ತು. ಅವರವರ ಮಟ್ಟಕ್ಕೆ ತಕ್ಕ ಲೆಕ್ಕ ಬರುತ್ತಿತ್ತು. ಇಲ್ಲಿ ಅಲ್ಮಾರಿಯ ಕೀಲಿ ಯಾರ ಹತ್ತಿರ ಇದೆ ಅಂತ ಮೊದಲು ಹುಡುಕಬೇಕು.

ಬೈಯೋಕೆ ನನಗೂ ಜಾಸ್ತಿ ಹಕ್ಕಿಲ್ಲ ಬಿಡಿ. ಮುಂದಿನ ಸಾಲಿನ ಐದಾರು ಮಕ್ಕಳು 'ಹೂಂ' ಅಂದರೆ ಪುಟ ತಿರುವಿದವನೇ ನಾನು. ಸಿಲಬಸ್ ಮುಗಿಸಬೇಕಿತ್ತು ಅಲ್ವಾ? ಹತ್ತಿ ಬಿಡಿಸೋಕೆ ಹೋಗಿ ತಿಂಗಳು ಬಿಟ್ಟು ಬಂದ ಮಕ್ಕಳು ಹಿಂದೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಅವರಿಗೆ ಎಲ್ಲಿಯವರೆಗೆ ಓದೋಕೆ ಬರುತ್ತದೆ ಅಂತ ಒಮ್ಮೆಯೂ ಕೇಳಲಿಲ್ಲ.

ಬೆಳಿಗ್ಗೆ ವಾಟ್ಸಾಪ್‌ಗೆ ಫೋಟೊ ಬಂದಿದೆ. ಪ್ಲಾಸ್ಟಿಕ್ ಸುತ್ತಿದ ಬೋರ್ಡಿನ ಪಕ್ಕ, ಶಾಲು ಹೊದ್ದು, ನಾನೂ ಹಲ್ಲು ಕಿರಿದು ನಿಂತಿದ್ದೇನೆ.