ಅಗಸಿ ಡಬ್ಬಿ ಮತ್ತು ನನ್ನ ಗುಂಗುರು ತಲೆ

ಹೋದ ವಾರ ಬಾಗಲಕೋಟೆಯಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ದೂರದ ಅತ್ತೆಯೊಬ್ಬರು ಎಣ್ಣೆಗಾಯಿ ಬಿಟ್ಟು ನನ್ನ ತಲೆಯನ್ನೇ ನೋಡುತ್ತಿದ್ದರು. ಹುಗ್ಗಿ ಬಡಿಸೋ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

"ಯವ್ವಾ, ಮದವಿಗೆ ಬರೂಮುಂದ ಒಂದೀಟು ತಲಿ ಹಿಕ್ಕೊಂಡು ಬರಬಾರದೇನ?"

"ಹಿಕ್ಕೊಂಡೇ ಬಂದೀನ್ರಿ ಅತ್ತಿ."

"ಹಂಗಾದ್ರ ಇನ್ನೊಮ್ಮೆ ಹಿಕ್ಕೊ."

ಪಂಕ್ತಿಯೇ ನಕ್ಕಿತು, ನಾನೂ ನಕ್ಕೆ. ಬೆಳಿಗ್ಗೆ ಎದ್ದು ಇದೇ ತಲೆಗೆ ಒಂದೂವರೆ ತಾಸು ಕೊಟ್ಟಿದ್ದೆ ಅಂತ ಹೇಳೋಕೆ ಹೋಗಲಿಲ್ಲ. ಅವರ ಮೇಲೆ ಸಿಟ್ಟೂ ಇಲ್ಲ. ನಮ್ಮ ಕಡೆ ಗುಂಗುರು ಕೂದಲು ಅಂದರೆ ಅರ್ಧಕ್ಕೆ ಬಿಟ್ಟ ಕೆಲಸ. ಕಸ ಹೊಡೆಯದ ಅಂಗಳ ಇದ್ದ ಹಾಗೆ. ನೋಡಿದವರಿಗೆ ಕೈ ತುರಿಸುತ್ತೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ತಲೆ ಪೂರ್ತಿ ಸುರುಳಿ ಸುರುಳಿ. ಸಾವಿರ ವರ್ಷ ಆಯಿತು, ಅವನಿಗೆ ಯಾರೂ ಹಣಿಗೆ ಕೊಟ್ಟಿಲ್ಲ. ನಮಗೆ ಮಾತ್ರ ಊಟದ ಪಂಕ್ತಿಯಲ್ಲೇ ಕೊಡೋಕೆ ಬರ್ತಾರೆ.

(ಹಣಿಗೆ ಅಂದರೆ ಬಾಚಣಿಕೆ, ಹಿಕ್ಕೋದು ಅಂದರೆ ಬಾಚೋದು. ಬೆಂಗಳೂರು ಕಡೆಯ ಗೆಳತಿಯರಿಗಾಗಿ ಹೇಳಿದೆ.)

ನನಗೆ ಹೇಳಬೇಕಿರೋದು ಇಷ್ಟೇ. ಗುಂಗುರು ಕೂದಲನ್ನು ಒಣಗಿದ್ದಾಗ ಹಿಕ್ಕಬೇಡಿ. ಅದು ಕೆಟ್ಟ ಕೂದಲಲ್ಲ, ನೀರಡಿಸಿದ ಕೂದಲು. ಇದು ಗೊತ್ತಾಗೋಕೆ ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

ಸಣ್ಣವಳಿದ್ದಾಗ ವಿಜಯಪುರದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳೂವರೆಗೆ ಒಂದು ಯುದ್ಧ. ಅವ್ವ ಕಟ್ಟೆ ಮೇಲೆ, ನಾನು ಕೆಳಗೆ, ಅವಳ ಎರಡು ಮೊಣಕಾಲಿನ ನಡುವೆ ಬಂದಿ. ಶಾಲೆಗೆ ಎರಡು ಹೆರಳು, ಎರಡು ರಿಬ್ಬನ್. ಹಣಿಗೆ ನೆತ್ತಿಯಿಂದ ಹೊರಟು ಕಿವಿ ಹತ್ತಿರ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಅವ್ವ ಜಗ್ಗುತ್ತಿದ್ದಳು. ನನ್ನ ಗದ್ದ ಮೇಲಕ್ಕೆ ಏಳುತ್ತಿತ್ತು, ಕಟ್ ಅಂತ ಸಪ್ಪಳ ಬರುತ್ತಿತ್ತು. ಮುರಿದದ್ದು ಕೂದಲೋ ಹಣಿಗೆಯ ಹಲ್ಲೋ, ತಿರುಗಿ ನೋಡೋ ಹಾಗಿರಲಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ತಂದ ಹಣಿಗೆ ಯುಗಾದಿ ಕಾಣುತ್ತಿರಲಿಲ್ಲ. "ಎಲ್ಲಾ ನಿಮ್ಮಪ್ಪನ ಮನಿತನದ ಕೂದ್ಲಾ" ಅಂತ ಅವ್ವ ಬೈಯುವಾಗ ಅಪ್ಪ ಪೇಪರ್ ಇನ್ನಷ್ಟು ಅಗಲ ಮಾಡಿ ಹಿಡಿಯುತ್ತಿದ್ದರು.

ನೆಟ್ಟನೆ ಕೂದಲಿನ ಎಳೆ ಅಡ್ಡ ಕೊಯ್ದರೆ ಹೆಚ್ಚುಕಮ್ಮಿ ದುಂಡಗಿರುತ್ತೆ. ನಮ್ಮದು ಚಪ್ಪಟೆ. ಚರ್ಮದೊಳಗೆ ಕೂದಲು ಹುಟ್ಟೋ ಜಾಗವೇ ಬಾಗಿರುತ್ತೆ, ಹೊರಗೆ ಬರುವಾಗಲೇ ಸುತ್ತಿಕೊಂಡು ಬರುತ್ತೆ. ನೆತ್ತಿಯ ಜಿಡ್ಡು ನೆಟ್ಟನೆ ಕೂದಲಲ್ಲಿ ಸರ್ರಂತ ತುದಿಗೆ ಇಳಿಯುತ್ತೆ. ಗುಂಗುರಿನಲ್ಲಿ ಅದಕ್ಕೆ ಚೋರ್ಲಾ ಘಾಟಿನ ತಿರುವುಗಳು. ಬುಡದಲ್ಲಿ ಜಿಡ್ಡು, ತುದಿಯಲ್ಲಿ ಬರ. ಪ್ರತಿ ತಿರುವೂ ಮುರಿಯೋ ಜಾಗ. ಅಲ್ಲಿ ಒಣ ಹಣಿಗೆ ಹಾಕಿದರೆ ಎಳೆ ತುಂಡಾಗುತ್ತೆ. ಉಳಿದದ್ದು ಸುರುಳಿಯಿಂದ ಬೇರೆಬೇರೆಯಾಗಿ ಉಬ್ಬಿ ನಿಲ್ಲುತ್ತೆ. ಉಬ್ಬಿತು ಅಂತ ಮತ್ತೊಮ್ಮೆ ಹಿಕ್ಕುತ್ತೇವೆ. ಅತ್ತೆ ಹೇಳಿದ್ದು ಅದನ್ನೇ ಅಲ್ವಾ?

ಒದ್ದೆ ತಲೆ ಹಿಕ್ಕಬಾರದು ಅಂತ ಹಿರಿಯರು ಹೇಳೋದೂ ಸುಳ್ಳಲ್ಲ. ನೆನೆದ ಕೂದಲು ಜಗ್ಗಿದರೆ ರಬ್ಬರ್ ಥರ ಹಿಗ್ಗಿ ಹರಿಯುತ್ತೆ. ಅದಕ್ಕೇ ಬರೀ ನೀರು ಸಾಲದು, ಜಾರಿಕೆ ಬೇಕು. ಕಂಡೀಷನರ್ ಕೈ ತುಂಬ ಹಚ್ಚಿ ಮೊದಲು ಬೆರಳಿನಿಂದ ಸಿಕ್ಕು ಬಿಡಿಸಬೇಕು, ಆಮೇಲೆ ಅಗಲ ಹಲ್ಲಿನ ಹಣಿಗೆ. ಶುರು ತುದಿಯಿಂದ, ನೆತ್ತಿಯಿಂದಲ್ಲ. ಬಚ್ಚಲಿನಿಂದ ಹೊರಗೆ ಬಂದ ಮೇಲೆ ಹಣಿಗೆ ಮುಟ್ಟೋ ಹಾಗಿಲ್ಲ. ನನ್ನ ಹಣಿಗೆ ಈಗ ಬಚ್ಚಲಲ್ಲೇ ಮೊಳೆಗೆ ತೂಗುಹಾಕಿದೆ.

ಇಷ್ಟು ಬುದ್ಧಿ ಬರೋ ಮುಂಚೆ ಮಾಡಬಾರದ್ದು ಮಾಡಿದ್ದೂ ಆಯಿತು. ಡಿಗ್ರಿ ಓದೋಕೆ ಬೆಳಗಾವಿಗೆ ಹೋದೆ. ಜುಲೈ ಮಳೆ ಹಿಡಿಯಿತು ನೋಡಿ, ನನ್ನ ತಲೆ ಎರಡು ಪಟ್ಟಾಯಿತು. ಹಾಸ್ಟೆಲ್‌ನಲ್ಲಿ ನನ್ನ ಹಿಂದೆ ಕೂತವರಿಗೆ ಟಿವಿ ಕಾಣುತ್ತಿರಲಿಲ್ಲ. ಕೂದಲು ಆಗಿರೋದು ಕೆರಾಟಿನ್ ಅನ್ನೋ ಪ್ರೋಟೀನಿನಿಂದ, ಅದರೊಳಗೆ ಮುಖ್ಯವಾಗಿ ಎರಡು ಥರ ಕೊಂಡಿ ಇವೆ. ಹೈಡ್ರೋಜನ್ ಕೊಂಡಿ ನೀರು ತಾಗಿದರೆ ಬಿಚ್ಚುತ್ತೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರಕ್ಕೆ ಮತ್ತೆ ಕೂಡುತ್ತೆ. ಬೆಳಗಾವಿಯ ಮಳೆಗಾಲದ ಗಾಳಿಯಲ್ಲೇ ಅದು ಬಿಚ್ಚೋಕೆ ಬೇಕಾದಷ್ಟು ನೀರು. ಇನ್ನೊಂದು ಗಂಧಕದ ಕೊಂಡಿ, ಡೈಸಲ್ಫೈಡ್. ಇಳಕಲ್ ಸೀರೆಯ ಮೈಗೆ ಸೆರಗು ಸೇರಿಸೋಕೆ ನೇಕಾರರು ಎಳೆಗೆ ಎಳೆ ಕೊಂಡಿ ಹಾಕ್ತಾರಲ್ಲ, ಅಷ್ಟು ಗಟ್ಟಿ. ಕಾಯಂ ಆಗಿ ನೆಟ್ಟಗೆ ಮಾಡೋ ಸ್ಟ್ರೇಟನಿಂಗ್ ಕೆಮಿಕಲ್ಲು ಬಿಚ್ಚೋದು ಇದನ್ನೇ.

ಡಿಗ್ರಿ ಮುಗಿದ ವರ್ಷ ಮನೆಗೆ ಕನ್ಯೆ ನೋಡೋಕೆ ಬರ್ತಾರೆ ಅಂತ ಗೊತ್ತಾಯಿತು. ಚಿಗವ್ವ ನನ್ನನ್ನು ಒಂದು ಪಾರ್ಲರ್‌ಗೆ ಕರೆದುಕೊಂಡು ಹೋದಳು. ಅದೇನೋ ಬಿಳಿ ಕ್ರೀಮು ಬಳಿದು, ಅದರ ಮೇಲೆ ಬಿಸಿ ಪಟ್ಟಿಯಿಂದ ಇಸ್ತ್ರಿ ಹೊಡೆದರು. ಹೊಗೆ ಎದ್ದಿತು. ನನ್ನ ಕಣ್ಣಲ್ಲಿ ನೀರು, ಮಾಡುವ ಹುಡುಗಿಯ ಕಣ್ಣಲ್ಲೂ ನೀರು. ಏನಿದು ಅಂತ ಕೇಳಿದರೆ "ಕೆರಾಟಿನ್ ಮೇಡಂ, ನ್ಯಾಚುರಲ್" ಅಂದಳು. ಇಂಥ ಎಷ್ಟೋ ಕ್ರೀಮುಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನ್ನೋ ವಿಷಾನಿಲ ಬಿಡುತ್ತವೆ ಅಂತ ಆಮೇಲೆ ಓದಿ ತಿಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಾನು ಒಮ್ಮೆ ಕೂತು ಎದ್ದು ಬಂದೆ. ಆ ಹುಡುಗಿ ಇಡೀ ದಿನ ಅದೇ ಹೊಗೆಯಲ್ಲಿ ನಿಂತಿರುತ್ತಾಳೆ. ಈಗಲೂ ನನಗೆ ಚುಚ್ಚೋದು ಅದು.

ಮೂರು ತಿಂಗಳು ನನ್ನ ಕೂದಲು ಬಹಳ ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಬೆನ್ನ ಮೇಲೆ ರೇಷ್ಮೆ ಥರ ಆಡುತ್ತಿತ್ತು. ಆದರೆ ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತೆ, ಬುಡದಲ್ಲಿ ಹುಟ್ಟೋದು ಮತ್ತೆ ಗುಂಗುರೇ. ವರ್ಷ ಮುಗಿಯೋದರೊಳಗೆ ಮೇಲೆ ಗುಂಗುರು, ಕೆಳಗೆ ಕಸಬರಗಿ. ಎರಡೂ ಕೂಡುವ ಜಾಗದಲ್ಲಿ ಪಟಪಟ ಮುರಿಯುತ್ತಿತ್ತು. ಕೊನೆಗೆ ಕಿವಿಯವರೆಗೆ ಕತ್ತರಿಸಿದೆ. ಆ ಸಂಬಂಧವೂ ಕೂಡಿ ಬರಲಿಲ್ಲ. ಅದಕ್ಕೂ ಕೂದಲಿಗೂ ಸಂಬಂಧ ಇಲ್ಲ ಬಿಡಿ. ಹುಡುಗನಿಗೆ ಪುಣೆ ಬೇಕಿತ್ತು, ನನಗೆ ಬೇಡವಾಗಿತ್ತು.

ಈಗ ನೀರಿನ ವಿಷಯಕ್ಕೆ ಬರ್ತೀನಿ. ವಿಡಿಯೋಗಳಲ್ಲಿ ಹುಡುಗಿಯರು ಷವರ್ ಕೆಳಗೆ ಇಪ್ಪತ್ತು ನಿಮಿಷ ನಿಂತು ಕೂದಲು ತೊಳೆಯುತ್ತಾರೆ. ವಿಜಯಪುರದಲ್ಲಿ ಹಾಗೆ ನಿಂತರೆ ಮನೆಯವರೆಲ್ಲ ಸೇರಿ ಹೊರಗೆ ಹಾಕ್ತಾರೆ. ನಮ್ಮ ಓಣಿಗೆ ನಳ ದಿನಾ ಬರಲ್ಲ. ಉಳಿದ ದಿನ ಬೋರಿನ ನೀರು. ಆ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದೇ ಪದರ ಕೂದಲಿನ ಮೇಲೂ ಕೂರುತ್ತೆ. ಎಷ್ಟು ದುಬಾರಿ ಕಂಡೀಷನರ್ ಹಚ್ಚಿದರೂ ಕೂದಲು ಹಗ್ಗದ ಹಾಗೆ ಒರಟು. ಸಾಬೂನು ಹಚ್ಚಿದಿರೋ, ಮುಗಿಯಿತು. ಗಡಸು ನೀರಿನ ಜೊತೆ ಸೇರಿ ಮೇಣದಂಥ ಜಿಗುಟಾಗಿ ಅಂಟಿಕೊಳ್ಳುತ್ತೆ.

ಹಾಗಾಗಿ ನನ್ನ ತಲೆಸ್ನಾನಕ್ಕೆ ವಾರ ಇಲ್ಲ, ನಳ ಇದೆ. ನಳ ಬಂದ ದಿನ ತಲೆ ಎರೆದುಕೊಳ್ಳೋದು. ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿ ತರೋ ನೀರು ಬೋರಿನಷ್ಟು ಗಡಸಲ್ಲ, ಕೂದಲಿಗೇ ಗೊತ್ತಾಗುತ್ತೆ. (ಕೊಲ್ಹಾರದ ಗಡಿಗೆ ಮೊಸರನ್ನು ತಲೆಗೆ ಹಚ್ಚು ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಅಂಥ ಮೊಸರನ್ನು ತಲೆಗೆ ಹಚ್ಚೋಕೆ ಮನಸ್ಸಾದರೂ ಹೇಗೆ ಬರುತ್ತೆ?) ಬೋರೇ ಗತಿ ಅನ್ನೋ ದಿನ ಕೊನೆಯ ತಂಬಿಗೆ ನೀರಿಗೆ ಇಂಡಿ ನಿಂಬೆಯ ನಾಲ್ಕು ಹನಿ ಹಿಂಡಿ ಸುರಿದುಕೊಳ್ಳುತ್ತೇನೆ. ಹುಳಿ ಆ ಪದರವನ್ನು ಸ್ವಲ್ಪ ಸಡಿಲಿಸುತ್ತೆ. ನಾಲ್ಕೇ ಹನಿ. ಬರೀ ರಸ ಹಚ್ಚಿ ಬಿಸಿಲಲ್ಲಿ ಕೂತರೆ ನೆತ್ತಿ ಉರಿಯುತ್ತೆ.

ಇನ್ನು ಅಗಸಿ, ಅಂದರೆ ಅಗಸೆ ಬೀಜ. ಪ್ಯಾಟೆಯಲ್ಲಿ ಕರ್ಲ್ ಜೆಲ್ ಅಂತ ಸಾವಿರ ರೂಪಾಯಿ ಹತ್ತಿರದ ಡಬ್ಬಿ ಸಿಗುತ್ತೆ. ಅದರಲ್ಲಿ ಒಂದರ ಬೆನ್ನು ತಿರುಗಿಸಿ ಓದಿದೆ. ಅಗಸಿ ಬೀಜದ ಸಾರ! ರೊಟ್ಟಿ ಜೊತೆ ದಿನಾ ಅಗಸಿ ಹಿಂಡಿ (ಚಟ್ನಿಪುಡಿ) ತಿನ್ನೋ ಜನ ನಾವು, ಮನೆಯಲ್ಲಿ ಅಗಸಿ ಇಲ್ಲದ ದಿನ ಇಲ್ಲ. ಎರಡು ದೊಡ್ಡ ಚಮಚ ಅಗಸಿಗೆ ಒಂದು ದೊಡ್ಡ ಲೋಟ ನೀರು. ಸಣ್ಣ ಉರಿ, ಕೈ ಬಿಡದೆ ತಿರುವಬೇಕು. ಐದಾರು ನಿಮಿಷಕ್ಕೆ ಅಂಚಿನಲ್ಲಿ ಬಿಳಿ ನೊರೆ ಕಟ್ಟುತ್ತೆ. ಚಮಚ ಎತ್ತಿದರೆ ಮೊದಲು ಹನಿ ಹನಿ ಬೀಳುತ್ತೆ, ಆಮೇಲೆ ಜೇಡರ ಬಲೆ ಥರ ಒಂದೇ ದಾರ. ದಾರ ಬಂತೋ, ತಕ್ಷಣ ಇಳಿಸಬೇಕು. ಇಲ್ಲೇ ನಾನು ಮೊದಲ ಸಲ ಎಡವಿದ್ದು. ಆರಲಿ ಅಂತ ಬಿಟ್ಟೆ, ಆರಿದ ಮೇಲೆ ಬೀಜ ಬೇರೆ, ಲೋಳೆ ಬೇರೆ ಆಗಲೇ ಇಲ್ಲ. ಇಡೀ ಪಾತ್ರೆ ಗಟ್ಟಿ ಮುದ್ದೆ. ಬಿಸಿ ಇದ್ದಾಗಲೇ ತೆಳ್ಳನೆ ಬಟ್ಟೆಯಲ್ಲಿ ಸೋಸಬೇಕು. ಬಾಟಲಿಗೆ ಹಾಕಿ ಫ್ರಿಜ್ಜಲ್ಲಿಟ್ಟರೆ ಒಂದು ವಾರ ಬಾಳುತ್ತೆ, ಆಮೇಲೆ ಹುಳಿ ವಾಸನೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಿನ್ನೂ ಅಗಸಿ ತಲಿಗಿ ಹಚ್ಚಕೊಂತಾಳ. ನಾಳಿ ಶೇಂಗಾ ಹಿಂಡಿ ಕಾಲಿಗಿ ಹಚ್ಚಕೊಂತೀ ಏನ?" ಉಳಿದ ಬೀಜ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಎಮ್ಮೆ ತಕರಾರು ಮಾಡಲಿಲ್ಲ.

ಕೂದಲಿಂದ ನೀರು ಸೋರುತ್ತಿರುವಾಗಲೇ ಇದನ್ನು ಹಚ್ಚಬೇಕು. ಬಗ್ಗಿ, ಅಂಗೈಯಲ್ಲಿ ತುದಿಗಳನ್ನು ಹಿಡಿದು ನೆತ್ತಿ ಕಡೆಗೆ ಒತ್ತಬೇಕು. ಪಚಕ್ ಪಚಕ್ ಅಂತ ಸಪ್ಪಳ ಬಂದರೆ ನೀರು ಸಾಕಷ್ಟಿದೆ. ಸಪ್ಪಳ ಇಲ್ಲದಿದ್ದರೆ ಇನ್ನೊಂದು ಬೊಗಸೆ ನೀರು. ಆಮೇಲೆ ಟವೆಲ್ ಬೇಡ, ಅದರ ಸಣ್ಣ ಕುಣಿಕೆಗಳು ಎಳೆ ಎಳೆ ಜಗ್ಗುತ್ತವೆ. ಅಪ್ಪನ ಹಳೇ ಧೋತರದ ತುಂಡು ನನಗೆ ಸಾಕು. ತಿಕ್ಕದೆ, ಒತ್ತಿ ಬಿಡೋದು. ಪೂರ್ತಿ ಒಣಗೋವರೆಗೆ ಕೈ ಹಾಕಬಾರದು. ನನಗೆ ಇದೇ ಎಲ್ಲಕ್ಕಿಂತ ಕಷ್ಟ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತೆ. ಬೆಳಗಾವಿಯ ಜುಲೈನಲ್ಲಿ ಬೆಳಿಗ್ಗೆ ಎರೆದುಕೊಂಡರೆ ಮಧ್ಯಾಹ್ನ ಊಟಕ್ಕೂ ಒದ್ದೆ. ಒಣಗಿದ ಮೇಲೆ ಸುರುಳಿ ಗರಿಗರಿ ಸಂಡಿಗೆ ಥರ ಆಗಿರುತ್ತೆ. ಹೆದರಬೇಡಿ, ಹಿಸುಕಿದರೆ ಮೆತ್ತಗಾಗುತ್ತೆ.

ರಾತ್ರಿಗೆ ಆಯಿಯ ಹರಿದ ಇಳಕಲ್ ಸೀರೆಯ ರೇಷ್ಮೆ ಸೆರಗಿನಿಂದ ದಿಂಬಿನ ಚೀಲ ಹೊಲಿದುಕೊಂಡಿದ್ದೇನೆ. ಹತ್ತಿಗಿಂತ ಜಾರುತ್ತೆ, ಸಿಕ್ಕು ಕಮ್ಮಿ.

ಆನ್‌ಲೈನ್ ಗುಂಗುರು ಪಂಡಿತರ ಬಗ್ಗೆಯೂ ಒಂದು ಮಾತು. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲಿಗೆ ಒಂದರಿಂದ (ನೆಟ್ಟನೆ) ನಾಲ್ಕರವರೆಗೆ (ಬಿಗಿ ಗುಂಗುರು) ನಂಬರ್ ಕೊಟ್ಟರು. ಆ ಪ್ರಕಾರ ನನ್ನದು 3ಬಿ ಅಂತೆ. ನಮ್ಮ ಮನೆಯಲ್ಲಿ ಮೂರೇ ವಿಧ: ನೆಟ್ಟಗ, ಗುಂಗುರು, ಅಯ್ಯೋ ಶಿವನೇ. ನಂಬರಿಂದ ನಷ್ಟವೇನಿಲ್ಲ. ಆದರೆ ಸಲ್ಫೇಟ್ (ಜಿಡ್ಡನ್ನು ಪೂರ್ತಿ ತೊಳೆದು ತೆಗೆಯೋ ವಸ್ತು) ಇರೋ ಗಟ್ಟಿ ಶ್ಯಾಂಪೂ ಮುಟ್ಟಲೇಬಾರದು ಅನ್ನೋ ಮಡಿ ನಮ್ಮ ಊರಿಗೆ ಹೊಂದಲ್ಲ. ನಾವು ಕೊಬ್ಬರಿ ಎಣ್ಣೆ ಹಚ್ಚೋ ಜನ. ಹಚ್ಚೋದರಲ್ಲಿ ತಪ್ಪಿಲ್ಲ. ಅದು ಕೂದಲಿನ ಒಳಗೆ ಇಳಿದು ಪ್ರೋಟೀನ್ ಹೋಗೋದನ್ನು ತಡೆಯುತ್ತೆ, ಖನಿಜ ಎಣ್ಣೆ ಹಾಗೆ ಮಾಡಲ್ಲ ಅಂತ 2003ರಲ್ಲೇ ಒಂದು ಅಧ್ಯಯನ ಬಂದಿದೆ. ಮಾಡಿದ್ದು ಕೊಬ್ಬರಿ ಎಣ್ಣೆ ಮಾರೋ ಕಂಪನಿಯ ವಿಜ್ಞಾನಿಗಳೇ, ಅದು ಬೇರೆ ಮಾತು. ಎಣ್ಣೆ, ಧೂಳು, ಬೋರಿನ ಸುಣ್ಣ ಎಲ್ಲ ಕೂಡಿದ ತಲೆಗೆ ತಿಂಗಳಿಗೊಮ್ಮೆ ಗಟ್ಟಿ ಶ್ಯಾಂಪೂ ಬೇಕೇ ಬೇಕು. ಸೀಗೆಕಾಯಿ ಒಳ್ಳೆಯದೇ, ಆದರೆ ಪುಡಿ ಹಾಕಿದರೆ ಮೂರು ದಿನ ಸುರುಳಿಯಿಂದ ಉದುರುತ್ತಲೇ ಇರುತ್ತೆ. ಕುದಿಸಿ ಸೋಸಿ ಹಾಕಿ.

ನಮ್ಮ ಅಣ್ಣನ ಮಗಳಿಗೆ ಈಗ ಏಳು ವರ್ಷ. ನನ್ನದೇ ತಲೆ, ಪಡಿಯಚ್ಚು. ಶಾಲೆಯಲ್ಲಿ ಇವತ್ತಿಗೂ ಎರಡು ಹೆರಳು ಕಡ್ಡಾಯ. ಬಿಟ್ಟ ಕೂದಲು ಬೇಡ ಅನ್ನೋದು ನನಗೂ ಒಪ್ಪಿಗೆ, ಹೇನಿನ ಕಾಟ ಯಾರಿಗೆ ಗೊತ್ತಿಲ್ಲ. ಆದರೆ ಬೆಳಿಗ್ಗೆ ಒಣ ತಲೆಯಲ್ಲಿ ಯುದ್ಧ ಮಾಡೋದು ಬೇಡ. ಹಿಂದಿನ ಸಂಜೆ ನೀರು ಚಿಮುಕಿಸಿ, ಸ್ವಲ್ಪ ಕಂಡೀಷನರ್ ಸವರಿ, ಬೆರಳಲ್ಲೇ ಬಿಡಿಸಿ ಸಡಿಲವಾಗಿ ಹೆಣೆದು ಮಲಗಿಸುತ್ತೇನೆ. ಬೆಳಿಗ್ಗೆ ಬರೀ ರಿಬ್ಬನ್ ಕಟ್ಟೋದು. ಮೊನ್ನೆ ಕನ್ನಡಿ ಮುಂದೆ ನಿಂತು ಕೇಳಿದಳು, "ಅತ್ತಿ, ನನ್ನ ಕೂದ್ಲಾ ಯಾವಾಗ ನೆಟ್ಟಗ ಆಗ್ತಾವ?" ಆಗಲ್ಲ ಅಂದೆ. ಒಂದು ಕ್ಷಣ ಯೋಚಿಸಿ, "ನಿನಗೂ ಆಗಲಿಲ್ಲೇನ?" ಅಂದು ಆಡೋಕೆ ಓಡಿದಳು.

ಇವತ್ತು ಸಂಜೆ ನಳ ಬಿಡ್ತಾರಂತೆ. ಅಗಸಿ ಡಬ್ಬಿಯ ತಳ ಕಾಣುತ್ತಿದೆ. ಅವ್ವ ರೊಟ್ಟಿಗೆ ಕೂರೋ ಮುಂಚೆ ಶಾಸ್ತ್ರಿ ಮಾರ್ಕೆಟ್ಟಿಗೆ ಹೋಗಿ ಅರ್ಧ ಕಿಲೋ ತಂದು ತುಂಬಬೇಕು.